ನಗರಕ್ಕೂ ಒಂದು ಜೌಗು ಬೇಕು

ಮಳೆಗಾಲ ಬಂದಿತೆಂದರೆ ನಮ್ಮ ಮುಂಬಯಿಯಲ್ಲಿ ಎರಡು ಪ್ರಶ್ನೆಗಳು ಎಲ್ಲರ ಬಾಯಲ್ಲಿಯೂ ಕೇಳಿಬರುತ್ತವೆ. ಎಲ್ಲಿ ನೀರು ತುಂಬಿದೆ ಎಂಬುದು ಒಂದು. ಎಷ್ಟು ಹೊತ್ತಿಗೆ ಇಳಿದೀತು ಎಂಬುದು ಇನ್ನೊಂದು. ಶಾಲೆಗೆ ಬರಬೇಕಾದ ಮಕ್ಕಳಿಗೂ, ಅವರನ್ನು ಕಾದು ನಿಂತ ತಾಯಂದಿರಿಗೂ, ಲೋಕಲ್ ರೈಲಿನಲ್ಲಿ ಸಿಕ್ಕಿಬಿದ್ದ ತಂದೆಯರಿಗೂ ಈ ಪ್ರಶ್ನೆಗಳು ಸಹಜವಾದವೇ. ಆದರೆ ಮೂರನೆಯದೊಂದು ಪ್ರಶ್ನೆಯುಂಟು. ಅದನ್ನು ಕೇಳುವವರು ವಿರಳ. ಇಳಿದ ನೀರು ಎಲ್ಲಿಗೆ ಹೋಯಿತು, ಹೋಗುವಾಗ ತನ್ನೊಡನೆ ಏನೇನನ್ನು ಕೊಂಡುಹೋಯಿತು? ವಿದ್ಯಾರ್ಥಿಗಳಾದ ನೀವು ಈ ಮೂರನೆಯ ಪ್ರಶ್ನೆಯನ್ನು ಕೇಳುವ ಅಭ್ಯಾಸ ಮಾಡಿಕೊಳ್ಳಬೇಕೆಂಬ ಆಸೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಬಿದ್ದ ಮಳೆಯನ್ನು ಆದಷ್ಟು ಬೇಗನೆ ಸಮುದ್ರಕ್ಕೆ ನೂಕಿಬಿಡುವುದೇ ನಗರದ ಕರ್ತವ್ಯವೆಂದು ತಿಳಿದು ಒಂದು ಶತಮಾನಕ್ಕೂ ಮಿಕ್ಕಿದ ಕಾಲದಿಂದ ನಾವೆಲ್ಲ ನಡೆದುಬಂದಿದ್ದೇವೆ. ಗಟಾರವು ಸಾಲದಿದ್ದರೆ ಅದಕ್ಕಿಂತ ದೊಡ್ಡ ಗಟಾರ. ಅದೂ ಸಾಲದಿದ್ದರೆ ನೀರೆತ್ತುವ ಯಂತ್ರ. ಇವು ಬೇಡವೆಂದು ನಾವು ಹೇಳುವುದಿಲ್ಲ. ಇವಷ್ಟೇ ಸಾಕು ಎಂಬ ನಂಬಿಕೆ ಸರಿಯಲ್ಲವೆಂದು ಹೇಳುತ್ತೇವೆ. ಮಳೆನೀರನ್ನು ದಾರಿಯಲ್ಲಿ ಸ್ವಲ್ಪ ಕಾಲ ತಡೆದು, ಜೊಂಡು ಬೆಳೆದ ತಗ್ಗಿನಲ್ಲಿ ಮೆಲ್ಲಗೆ ಹಾಯಿಸಿ, ಕೊಳೆ ಕಳೆದು ತಿಳಿಯಾದ ಮೇಲೆ ಮುಂದಕ್ಕೆ ಬಿಡತಕ್ಕ ಚಿಕ್ಕ ದೊಡ್ಡ ಜೌಗುನೆಲಗಳನ್ನು ನಗರದೊಳಗೆಯೇ ಕಟ್ಟಬೇಕು ಎಂಬುದು ನಮ್ಮ ಅಭಿಪ್ರಾಯ.

'ಜೌಗು' ಎಂಬ ಶಬ್ದ ಕಿವಿಗೆ ಬಿದ್ದೊಡನೆ ಮೂಗು ಮುರಿಯುವವರು ಬಹಳ ಮಂದಿ. ಕೆಸರು, ಸೊಳ್ಳೆ, ದುರ್ವಾಸನೆ, ಜ್ವರ: ಇವೇ ನಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರಗಳು. ಆ ಕಾರಣದಿಂದಲೇ ಜೌಗನ್ನು ಹೂಳುವುದು ನಾಗರಿಕತೆಯ ಲಕ್ಷಣವೆಂದು ಹಿಂದಿನವರು ಭಾವಿಸಿದರು. ಮುಂಬಯಿ ನಗರವೇ ಹಾಗೆ ಹುಟ್ಟಿದುದು. ಏಳು ದ್ವೀಪಗಳ ನಡುವಿನ ಹಿನ್ನೀರನ್ನೂ ಕೆಸರುನೆಲವನ್ನೂ ಮಣ್ಣು ಕಲ್ಲುಗಳಿಂದ ತುಂಬಿ ಒಂದು ಮಾಡಿದ ಭೂಮಿಯ ಮೇಲೆ ಈ ಮಹಾನಗರ ನಿಂತಿದೆ. ದ್ವೀಪಗಳಲ್ಲಿದ್ದ ಕೆರೆಗಳನ್ನೂ ಕಾಲಕ್ರಮದಲ್ಲಿ ಮುಚ್ಚಲಾಯಿತು. ಧೋಬಿ ತಲಾವ್, ಗೋವಾಲಿಯಾ ಟ್ಯಾಂಕ್, ಸಿ. ಪಿ. ಟ್ಯಾಂಕ್ ಎಂಬ ಹೆಸರುಗಳನ್ನು ನೀವು ದಿನವೂ ಬಸ್ಸಿನ ಫಲಕಗಳಲ್ಲಿ ಓದುತ್ತೀರಿ. ಅಲ್ಲಿಗೆ ಹೋಗಿ ನೋಡಿದರೆ ತಲಾವೂ ಇಲ್ಲ, ಟ್ಯಾಂಕೂ ಇಲ್ಲ; ಹೆಸರು ಮಾತ್ರ ಉಳಿದಿದೆ. ನೀರು ಮಾತ್ರ ತನ್ನ ಹಳೆಯ ಮನೆಯನ್ನು ಮರೆತಿಲ್ಲ. ಎಲ್ಲಿ ತಗ್ಗಿತ್ತೋ ಅಲ್ಲಿಗೇ ಪ್ರತಿ ಆಷಾಢದಲ್ಲಿಯೂ ಅದು ಮರಳಿ ಬರುತ್ತದೆ.

ಇದು ಮುಂಬಯಿಯೊಂದರ ಕಥೆಯೇನೂ ಅಲ್ಲ. ನಮ್ಮ ತಾಯ್ನಾಡಿನ ರಾಜಧಾನಿಯಲ್ಲಿಯೂ ಇದೇ ನಡೆಯಿತು. ಕೆಂಪೇಗೌಡರ ಕಾಲದ್ದೆಂದು ಹೇಳುವ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಬೆಂಗಳೂರಿನ ದೊಡ್ಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಬಹುಭಾಗವು ಕಂಠೀರವ ಕ್ರೀಡಾಂಗಣವಾಗಿದೆ. ಒಂದು ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕಾಲುವೆಯಲ್ಲಿ ಇಳಿದು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನ ಕೆರೆಗೆ ಸೇರುತ್ತಿದ್ದ ವ್ಯವಸ್ಥೆಯನ್ನು ನಮ್ಮ ಹಿರಿಯರು ಕಟ್ಟಿದ್ದರು. ನೀರು ಕೆರೆಗೆ ಬಂದು ಸೇರುವ ತುದಿಯಲ್ಲಿ ಹೂಳು ನಿಲ್ಲುತ್ತಿತ್ತು, ಜೊಂಡು ಬೆಳೆಯುತ್ತಿತ್ತು. ಆ ಜೊಂಡು ಸುಮ್ಮನೆ ಬೆಳೆದ ಕಳೆಯೆಂದು ಬಹಳ ಜನ ತಿಳಿದಿದ್ದರು. ಅದು ಕೆರೆಯ ಬಾಗಿಲಿನಲ್ಲಿ ಕೂತು ನೀರನ್ನು ಸೋಸುತ್ತಿದ್ದ ಕಾವಲುಗಾರನೆಂಬುದು ಅದು ಹೋದ ಮೇಲೆ ತಿಳಿಯಿತು. 2015 ಮತ್ತು 2018ರ ನಡುವೆ ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದು ರಸ್ತೆಗೆ ಹಾರಿತು. ಹಲವು ಸಲ ಕೆರೆಯ ಮೇಲೆ ಬೆಂಕಿಯೇ ಕಾಣಿಸಿಕೊಂಡಿತು. ನೀರಿಗೆ ಬೆಂಕಿ ಬಿತ್ತೆಂದರೆ ಹಿಂದಿನ ಕಾಲದ ಅಜ್ಜಿ ಅದನ್ನು ಕಟ್ಟುಕಥೆ ಎಂದು ನಗುತ್ತಿದ್ದಳು. ನಮ್ಮ ಕಾಲದಲ್ಲಿ ಅದು ಪತ್ರಿಕೆಯ ಸುದ್ದಿಯಾಯಿತು.

ಈಗ ಮುಂಬಯಿಯ ಗಟಾರಗಳ ವಿಚಾರಕ್ಕೆ ಬರೋಣ. ನಗರದ ಹಳೆಯ ಮಳೆನೀರಿನ ಗಟಾರಗಳನ್ನು ಗಂಟೆಗೆ 25 ಮಿಲಿಮೀಟರ್ ಮಳೆಯ ಲೆಕ್ಕಕ್ಕೆ ಕಟ್ಟಿದ್ದರು. ಅದರಲ್ಲಿಯೂ ಬಿದ್ದ ನೀರಿನಲ್ಲಿ ಅರ್ಧ ಭಾಗವು ಮಣ್ಣಿನಲ್ಲಿ ಇಂಗುತ್ತದೆ, ಉಳಿದರ್ಧ ಮಾತ್ರ ಗಟಾರಕ್ಕೆ ಬರುತ್ತದೆ ಎಂದು ಎಣಿಸಿದ್ದರು. ಅಂದಿನ ಮಟ್ಟಿಗೆ ಆ ಎಣಿಕೆ ಸರಿಯಾಗಿದ್ದಿರಬಹುದು. ಆದರೆ ಅಂಗಳಗಳಿಗೆ ಕಾಂಕ್ರೀಟು ಬಂತು, ಬಯಲುಗಳಿಗೆ ಕಟ್ಟಡಗಳು ಬಂದವು. ಇಂಗುವುದಕ್ಕೆ ಮಣ್ಣೇ ಉಳಿಯಲಿಲ್ಲ. 1993ರಲ್ಲಿ ಸಿದ್ಧವಾದ ಬ್ರಿಮ್‌ಸ್ಟೋವಾಡ್ ಎಂಬ ವರದಿಯು ಗಂಟೆಗೆ 50 ಮಿಲಿಮೀಟರ್ ಮಳೆಯ ಪೂರ್ತಿ ನೀರನ್ನು ಸಾಗಿಸಬಲ್ಲ ಗಟಾರಗಳು ಬೇಕೆಂದು ಸೂಚಿಸಿತು. ಆ ಕೆಲಸ ಕುಂಟುತ್ತಿದ್ದಾಗಲೇ 2005ರ ಜುಲೈ 26 ಬಂದಿತು. ಅಂದು 24 ಗಂಟೆಗಳಲ್ಲಿ ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಅದೇ ಹೊತ್ತಿನಲ್ಲಿ ಕೊಲಾಬಾದಲ್ಲಿ ಬಿದ್ದುದು ಸುಮಾರು 73 ಮಿಲಿಮೀಟರ್ ಮಾತ್ರ. ವಿಹಾರ್ ಮತ್ತು ಪವಾಯಿ ಕೆರೆಗಳ ಕೋಡಿಯಿಂದ ಹುಟ್ಟಿ, ಸುಮಾರು 18 ಕಿಲೋಮೀಟರ್ ಹರಿದು, ಮಾಹಿಮಿನ ಕೊಲ್ಲಿಯಲ್ಲಿ ಸಮುದ್ರ ಸೇರುವ ಮೀಠಿ ನದಿ ದಡ ಮೀರಿತು. ನಗರದಲ್ಲಿ 400ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ನೀರು ಇಳಿದ ಬಳಿಕ ಇಲಿಜ್ವರ ಹಬ್ಬಿತು. ನಿಮ್ಮಲ್ಲಿ ಯಾರೂ ಆಗ ಹುಟ್ಟಿರಲಿಲ್ಲ. ಆದರೆ ಆ ರಾತ್ರಿಯ ನೆನಪಿಲ್ಲದ ಮನೆ ಕುರ್ಲಾ, ಸಾಕಿನಾಕಾ, ಕಲೀನಾಗಳ ತಗ್ಗಿನಲ್ಲಿ ಇರಲಾರದು. ಮನೆಯ ಹಿರಿಯರನ್ನು ಕೇಳಿ ನೋಡಿರಿ.

ಇದೆಲ್ಲವೂ ನೀರಿನ ಪ್ರಮಾಣದ ಮಾತಾಯಿತು. ಅದರ ಗುಣದ ಮಾತು ಇನ್ನೂ ಉಳಿದಿದೆ. ಆಕಾಶದಿಂದ ಬೀಳುವ ಹನಿ ಬಹುಮಟ್ಟಿಗೆ ಶುದ್ಧವಾದುದು. ಅದು ನೆಲ ಮುಟ್ಟಿದ ಕ್ಷಣದಿಂದ ನಗರದ ಕೊಳೆಯನ್ನೆಲ್ಲ ಹೊರತೊಡಗುತ್ತದೆ. ಮೋಟಾರುಗಳಿಂದ ಸೋರಿದ ಎಣ್ಣೆ, ಸವೆದ ಟಯರಿನ ಪುಡಿ, ಬ್ರೇಕಿನಿಂದ ಉದುರಿದ ತಾಮ್ರ, ತಗಡಿನ ಮಾಡಿನಿಂದ ಕರಗಿದ ಸತು, ಕಟ್ಟಡದ ಕೆಲಸದ ಮಣ್ಣು ಸಿಮೆಂಟು, ನಾಯಿ ಇಲಿಗಳ ಹೊಲಸು, ಪ್ಲಾಸ್ಟಿಕ್ಕಿನ ಚೂರು, ಇವೆಲ್ಲವೂ ಅಕ್ಟೋಬರಿನಿಂದ ಮೇ ತಿಂಗಳವರೆಗೆ ಎಂಟು ತಿಂಗಳ ಕಾಲ ಬೀದಿಯಲ್ಲಿ ಶೇಖರವಾಗುತ್ತವೆ. ಜೂನಿನ ಮೊದಲ ಮಳೆಗಳು ಅದನ್ನು ಒಮ್ಮೆಲೇ ಗುಡಿಸಿ ನಾಲಾಕ್ಕೆ ತಳ್ಳುತ್ತವೆ. ಮೊದಲ ಅರ್ಧ ಗಂಟೆಯ ನೀರು ಕರಿಕಾಫಿಯಂತೆ ಹರಿಯುವುದನ್ನು ನೀವೇ ಕಂಡಿದ್ದೀರಿ. ಆ ನೀರು ಯಾವ ಶುದ್ಧೀಕರಣವೂ ಇಲ್ಲದೆ ಕೊಲ್ಲಿಗೆ, ಕೊಲ್ಲಿಯಿಂದ ಸಮುದ್ರಕ್ಕೆ ಸೇರುತ್ತದೆ. ಕೊಲ್ಲಿಯ ಬಾಯಲ್ಲಿ ಬಲೆ ಬೀಸುವ ಕೋಳಿಯರ ಹೊಟ್ಟೆಪಾಡು ಆ ನೀರನ್ನೇ ನಂಬಿದೆ ಎಂಬುದನ್ನು ನೂಕುವವರು ನೆನೆಯುವುದಿಲ್ಲ.

ಇಂತಹ ನೀರನ್ನು ಶುದ್ಧಗೊಳಿಸಲು ಮನುಷ್ಯನು ಕಟ್ಟುವ ಜೌಗಿನ ರೀತಿ ಬಹಳ ಸರಳವಾದುದು. ಮೊದಲಿಗೆ ನಾಲಾದಿಂದ ಬರುವ ನೀರು ಒಂದು ಆಳವಾದ ಹೂಳುಗುಂಡಿಗೆ ಬೀಳುತ್ತದೆ. ಅದರ ಬಾಯಿಗೆ ಕಸ ತಡೆಯುವ ಕಂಬಿಗಳಿರುತ್ತವೆ. ವೇಗವಾಗಿ ಬಂದ ನೀರು ಇಲ್ಲಿ ಉಸಿರು ಬಿಡುತ್ತದೆ. ಮರಳು, ದಪ್ಪ ಮಣ್ಣು ತಳಕ್ಕಿಳಿಯುತ್ತವೆ. ಅಲ್ಲಿಂದ ನೀರು ವಿಶಾಲವಾದ, ಮೊಣಕಾಲೂ ಮುಳುಗದ ಆಳದ ಜೊಂಡಿನ ಪಾತಿಗಳಿಗೆ ಹರಡುತ್ತದೆ. ಜೊಂಡು, ಆಪು, ಕಾಬಾಳೆ, ಲಾವಂಚ ಮೊದಲಾದ ನೀರೊಲವಿನ ಗಿಡಗಳು ಅಲ್ಲಿ ಒತ್ತಾಗಿ ಬೆಳೆದಿರುತ್ತವೆ. ಸಾವಿರಾರು ಕಾಂಡಗಳ ನಡುವೆ ನುಸುಳುವ ನೀರು ಇನ್ನಷ್ಟು ನಿಧಾನಿಸುತ್ತದೆ. ನಯವಾದ ಮಣ್ಣೂ ಅದಕ್ಕೆ ಅಂಟಿಕೊಂಡ ತಾಮ್ರ ಸತುಗಳೂ ರಂಜಕವೂ ಕೆಳಗೆ ಕೂರುತ್ತವೆ. ಕೊನೆಗೆ ತೆರೆದ ಚಿಕ್ಕ ಮಡುವೊಂದರಲ್ಲಿ ನಿಂತು ಬಿಸಿಲು ಕಂಡು, ತೂಬಿನ ಮೂಲಕ ಮೆಲ್ಲಗೆ ಹೊರಬೀಳುತ್ತದೆ. ಹೀಗೆ ಒಳಗೆ ಬಂದ ನೀರು ಎರಡು ಮೂರು ದಿನ ಅಲ್ಲಿ ತಂಗುವಂತೆ ಅಳತೆ ಮಾಡಿ ಕಟ್ಟುವುದು ರೂಢಿ. ಮಿತಿ ಮೀರಿ ನೀರು ಬಂದರೆ ಗಿಡಗಳು ಕಿತ್ತುಹೋಗದಂತೆ ಪಕ್ಕದ ಕೋಡಿಯಿಂದ ಹೆಚ್ಚಿನದು ಹೊರಹೋಗುತ್ತದೆ. ತೂಬು, ಕೋಡಿ, ಹೂಳು: ಈ ಮಾತುಗಳೆಲ್ಲ ನಮ್ಮ ಅಜ್ಜಂದಿರ ಬಾಯಲ್ಲಿದ್ದವೇ. ಹೊಸ ವಿದ್ಯೆಯೆಂದು ಹೆದರಬೇಕಾದುದು ಇದರಲ್ಲಿ ಏನೂ ಇಲ್ಲ.

ಇಲ್ಲಿ ನಡೆಯುವ ಕೆಲಸದ ಹೆಚ್ಚಿನ ಪಾಲನ್ನು ಗಿಡಗಳು ಮಾಡುತ್ತವೆಂದು ಎಣಿಸಬಾರದು. ನಿಜವಾದ ಕೂಲಿಕಾರರು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಜೊಂಡಿನ ಕಾಂಡದ ಒಳಗೆ ಗಾಳಿಯ ಕೊಳವೆಗಳಿವೆ. ಆ ಮೂಲಕ ಆಮ್ಲಜನಕವು ಬೇರಿಗೆ ಇಳಿದು ಅದರ ಸುತ್ತಲ ಕೆಸರಿಗೆ ಸ್ವಲ್ಪ ಸ್ವಲ್ಪವಾಗಿ ಸೋರುತ್ತದೆ. ಬೇರಿನ ಹತ್ತಿರ ಗಾಳಿಯುಂಡು ಬದುಕುವ ಜೀವಿಗಳು ಕೊಳೆತ ವಸ್ತುವನ್ನು ತಿನ್ನುತ್ತವೆ, ಅಮೋನಿಯವನ್ನು ನೈಟ್ರೇಟನ್ನಾಗಿ ಮಾರ್ಪಡಿಸುತ್ತವೆ. ಬೇರಿನಿಂದ ನಾಲ್ಕು ಬೆರಳು ದೂರದ ಗಾಳಿಯಿಲ್ಲದ ಕೆಸರಿನಲ್ಲಿ ಇನ್ನೊಂದು ಜಾತಿಯ ಜೀವಿಗಳು ಆ ನೈಟ್ರೇಟನ್ನು ಒಡೆದು ಸಾರಜನಕವನ್ನು ಆಕಾಶಕ್ಕೆ ಮರಳಿಸುತ್ತವೆ. ಯಂತ್ರಶಾಲೆಯಲ್ಲಿ ವಿದ್ಯುತ್ತು ಖರ್ಚು ಮಾಡಿ ನಡೆಸುವ ಕೆಲಸವನ್ನೇ ಇಲ್ಲಿ ಬಿಸಿಲೂ ಬೇರೂ ಸದ್ದಿಲ್ಲದೆ ನಡೆಸುತ್ತವೆ. ವಿಜ್ಞಾನದ ತರಗತಿಯಲ್ಲಿ ಸಾರಜನಕದ ಚಕ್ರವನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗೆ ಅದನ್ನು ಕಣ್ಣಾರೆ ತೋರಿಸಬಲ್ಲ ಪ್ರಯೋಗಶಾಲೆ ಇದಕ್ಕಿಂತ ಬೇರೆ ಬೇಕಿಲ್ಲ.

ಈ ವಿಚಾರವನ್ನು ಪ್ರಯೋಗದಿಂದ ಸ್ಥಿರಪಡಿಸಿದವರಲ್ಲಿ ಮೊದಲಿಗಳು ಜರ್ಮನಿಯ ವಿಜ್ಞಾನಿ ಕೇಟೆ ಸೈಡೆಲ್ ಎಂಬ ಮಹಿಳೆ. 1950ರ ದಶಕದ ಆರಂಭದಲ್ಲಿ ಪ್ಲೋನ್ ಎಂಬ ಊರಿನ ಸಂಶೋಧನ ಸಂಸ್ಥೆಯಲ್ಲಿ ಆಕೆ ಆಪಿನ ಜಾತಿಯ ಗಿಡಗಳನ್ನು ಕೊಳೆನೀರಿನಲ್ಲಿ ಬೆಳೆಸಿ, ಅವು ನೀರನ್ನು ತಿಳಿಗೊಳಿಸುವ ಬಗೆಯನ್ನು ಪರೀಕ್ಷಿಸಿದಳು. ಅಂದಿನ ತಜ್ಞರು ಅನೇಕರು ನಂಬಲಿಲ್ಲ. ಇಂದು ಲೋಕದ ಹಲವು ದೇಶಗಳಲ್ಲಿ ಆ ಮಾರ್ಗ ನಡೆಯುತ್ತಿದೆ. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ 2006ರಲ್ಲಿ ರಾಯಲ್ ಪಾರ್ಕ್ ಎಂಬ ಉದ್ಯಾನದೊಳಗೆ ಕಟ್ಟಿದ ಜೌಗು ಸುತ್ತಲಿನ ರಸ್ತೆಗಳ ಮಳೆನೀರನ್ನು ಸೋಸುತ್ತದೆ. ಸೋಸಿದ ನೀರನ್ನು ಕೂಡಿಟ್ಟು ಗಿಡಮರಗಳಿಗೆ ಉಣಿಸುತ್ತಾರೆ. ಸಿಂಗಪುರದ ಬಿಶಾನ್ ಉದ್ಯಾನದ ಅಂಚಿನಲ್ಲಿ 2.7 ಕಿಲೋಮೀಟರ್ ಉದ್ದದ ಕಾಂಕ್ರೀಟಿನ ನೇರ ಕಾಲುವೆಯೊಂದಿತ್ತು. ಅದನ್ನು ಒಡೆದು, ಹುಲ್ಲು ಗಿಡಗಳ ದಡವುಳ್ಳ, ಬಳುಕುತ್ತ ಹರಿಯುವ ಹೊಳೆಯಾಗಿ 2012ರ ಹೊತ್ತಿಗೆ ಮಾರ್ಪಡಿಸಿದರು. ಮಳೆ ಬಂದಾಗ ಉದ್ಯಾನವೇ ಹೊಳೆಯ ಪಾತ್ರವಾಗುತ್ತದೆ. ಮಳೆ ನಿಂತಾಗ ಅಲ್ಲಿ ಮಕ್ಕಳು ಆಡುತ್ತಾರೆ.

ನಮ್ಮ ದೇಶವೂ ಈ ವಿಷಯದಲ್ಲಿ ಬರಿಗೈಯಲ್ಲಿಲ್ಲ. ಕಲಕತ್ತೆಯ ಪೂರ್ವಕ್ಕೆ 12,500 ಹೆಕ್ಟೇರ್ ವಿಸ್ತಾರದ ಜೌಗುಪ್ರದೇಶವಿದೆ. ನಗರದ ಕೊಳೆನೀರು ಕಾಲುವೆಗಳಲ್ಲಿ ಅಲ್ಲಿಗೆ ಹೋಗಿ, ಆಳವಿಲ್ಲದ ಕೊಳಗಳಲ್ಲಿ ಬಿಸಿಲು ಕಂಡು ತಿಳಿಯಾಗುತ್ತದೆ. ಅದೇ ನೀರಿನಲ್ಲಿ ಮೀನು, ಅದೇ ನೀರಿನಿಂದ ತರಕಾರಿ. ಇದನ್ನು ರೂಪಿಸಿದವರು ಪುಸ್ತಕ ಓದಿದ ಇಂಜಿನಿಯರುಗಳಲ್ಲ, ಮೀನುಗಾರರು. ಅದರ ಮಹತ್ವವನ್ನು ಲೋಕಕ್ಕೆ ತಿಳಿಸಿಕೊಟ್ಟವರು ಧ್ರುವಜ್ಯೋತಿ ಘೋಷ್ ಎಂಬ ಇಂಜಿನಿಯರರು. 2002ರಲ್ಲಿ ಅದು ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿತು. ಬೆಂಗಳೂರಿನ ಜಕ್ಕೂರು ಕೆರೆಗೆ ಬರುವ ನೀರು ಮೊದಲು ಶುದ್ಧೀಕರಣ ಯಂತ್ರಶಾಲೆಯಲ್ಲಿ ಹಾದು, ಅನಂತರ ಕೆರೆಯ ಮೇಲ್ದಡದಲ್ಲಿ ಕಟ್ಟಿದ ಜೊಂಡಿನ ಜೌಗಿನಲ್ಲಿ ಸೋಸಿ ಕೆರೆಗೆ ಸೇರುವಂತೆ ಏರ್ಪಡಿಸಿದ್ದಾರೆ. ಈ ಎರಡೂ ಮುಖ್ಯವಾಗಿ ಮನೆಗಳ ಕೊಳೆನೀರನ್ನು ಕುರಿತವು, ಮಳೆನೀರನ್ನು ಕುರಿತವಲ್ಲ ಎಂಬ ವ್ಯತ್ಯಾಸವನ್ನು ನೆನಪಿಡಬೇಕು. ಆದರೂ ನಮ್ಮ ಬಿಸಿಲಿನಲ್ಲಿ, ನಮ್ಮ ಮಣ್ಣಿನಲ್ಲಿ ಜೌಗು ಕೆಲಸ ಮಾಡುವುದೇ ಎಂಬ ಸಂದೇಹಕ್ಕೆ ಅವು ಉತ್ತರವಾಗಿ ನಿಂತಿವೆ.

ಇಷ್ಟು ಹೇಳಿದ ಮೇಲೆ, ಜೌಗಿನಿಂದ ಏನಾಗಲಾರದು ಎಂಬುದನ್ನೂ ಹೇಳುವುದು ನಮ್ಮ ಧರ್ಮ. ಸ್ವಲ್ಪ ಲೆಕ್ಕ ಮಾಡೋಣ. ಒಂದು ಹೆಕ್ಟೇರ್ ನೆಲದ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರ್ ನೀರು. 40 ಹೆಕ್ಟೇರಿನ ಒಂದು ಬಡಾವಣೆಯಿದೆ, ಅದರ ನೆಲವೆಲ್ಲ ಕಲ್ಲು ಕಾಂಕ್ರೀಟಿನದು ಎಂದಿಟ್ಟುಕೊಳ್ಳಿ. ಅಲ್ಲಿ ಮೊದಲ ಒಂದು ಸೆಂಟಿಮೀಟರ್ ಮಳೆಗೆ 40 ಲಕ್ಷ ಲೀಟರ್ ನೀರು ಹರಿದುಬರುತ್ತದೆ. ಒಂದೇ ಹೆಕ್ಟೇರಿನ ಜೌಗು ತನ್ನ ಎಂದಿನ ಮಟ್ಟದ ಮೇಲೆ 40 ಸೆಂಟಿಮೀಟರ್ ನೀರನ್ನು ತಡೆದರೆ ಆ ನೀರೆಲ್ಲ ಅದರಲ್ಲಿ ಹಿಡಿಸುತ್ತದೆ. ನೂರಕ್ಕೆ ಎರಡೂವರೆ ಪಾಲು ನೆಲ ಕೊಟ್ಟರೆ ಅತ್ಯಂತ ಕೊಳಕಾದ ಮೊದಲ ನೀರು ಪೂರ್ತಿ ಸೋಸಿಹೋಗುತ್ತದೆ ಎಂದಾಯಿತು. ಇದು ಕಡಿಮೆ ಲಾಭವಲ್ಲ. ಆದರೆ 2005ರ ಜುಲೈ 26ರಂತಹ ದಿನ ಅದೇ ಬಡಾವಣೆಯ ಮೇಲೆ ಬೀಳುವುದು ಆ ಜೌಗು ಹಿಡಿಯುವುದರ 94 ಪಾಲಿಗಿಂತ ಹೆಚ್ಚು ನೀರು. ಅಂದು ಜೌಗು ಏನು ಮಾಡೀತು? ಕೋಡಿ ತೆರೆದು ಸುಮ್ಮನಿರುತ್ತದೆ. ಅಂತಹ ದಿನಕ್ಕೆ ಗಟಾರವೂ ಬೇಕು, ಪಂಪೂ ಬೇಕು, ನದಿಗೆ ಅದರ ಪಾತ್ರವೂ ಬೇಕು. ಜೌಗೊಂದು ಇದ್ದರೆ ಪ್ರವಾಹವೇ ಬಾರದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಜೌಗು ಇರುವುದು ವರ್ಷದ ಉಳಿದ ಮಳೆಗಳಿಗಾಗಿ, ಕೊಳೆಯನ್ನು ತಡೆಯುವುದಕ್ಕಾಗಿ, ಎಲ್ಲ ಬೀದಿಗಳ ನೀರೂ ಒಂದೇ ಗಳಿಗೆಯಲ್ಲಿ ತಗ್ಗಿಗೆ ನುಗ್ಗದಂತೆ ಸ್ವಲ್ಪ ಹಿಡಿದಿಡುವುದಕ್ಕಾಗಿ.

ಈ ಕೊನೆಯ ಮಾತು ಮುಂಬಯಿಗೆ ಬಹಳ ಮುಖ್ಯ. ಇಲ್ಲಿಯ ಅನೇಕ ಗಟಾರಗಳ ಬಾಯಿ ಸಮುದ್ರದ ಭರತದ ಮಟ್ಟಕ್ಕಿಂತ ತಗ್ಗಿನಲ್ಲಿದೆ. ಭರತದ ವೇಳೆಯಲ್ಲಿಯೇ ಮಳೆ ಬಿರುಸಾದರೆ ಹೊರಗಿನ ನೀರು ಒಳಗೆ ಬರುತ್ತದೆ, ಒಳಗಿನ ನೀರು ಹೊರಗೆ ಹೋಗದು. ಆ ಕೆಲವು ಗಂಟೆಗಳ ಕಾಲ ನೀರಿಗೆ ಎಲ್ಲಿಯಾದರೂ ಕೂರಲು ಜಾಗ ಬೇಕು. ಜಾಗ ಕೊಡದಿದ್ದರೆ ಅದು ಚಾಳುಗಳ ಒಳಗೆ ಬಂದು ಕೂರುತ್ತದೆ. ಇದನ್ನರಿತೇ ನವಿ ಮುಂಬಯಿಯನ್ನು ಕಟ್ಟಿದಾಗ ಕೊಲ್ಲಿಯ ಅಂಚಿನಲ್ಲಿ ನೀರು ತಂಗುವ ಕೊಳಗಳನ್ನು ತೋಡಿದರು. ಭರತದಲ್ಲಿ ಬಾಗಿಲು ಮುಚ್ಚಿಕೊಳ್ಳುತ್ತದೆ, ಮಳೆನೀರು ಕೊಳದಲ್ಲಿ ನಿಲ್ಲುತ್ತದೆ. ಇಳಿತದಲ್ಲಿ ಬಾಗಿಲು ತೆರೆದು ನೀರು ಹೊರಹೋಗುತ್ತದೆ. ಮುಂಬಯಿಯಲ್ಲಿಯೂ ಹಿಂದ್‌ಮಾತಾ ಪ್ರದೇಶದ ನೀರಿಗಾಗಿ ಸಮೀಪದ ಉದ್ಯಾನ ಮೈದಾನಗಳ ಕೆಳಗೆ ನೆಲದೊಳಗಿನ ಟಾಂಕಿಗಳನ್ನು ಈಚಿನ ವರ್ಷಗಳಲ್ಲಿ ಕಟ್ಟಿದ್ದಾರೆ. ತಡೆಯುವ ವಿಚಾರವನ್ನು ನಗರವು ಒಪ್ಪಿಕೊಂಡಿದೆ ಎಂದಾಯಿತು. ತಡೆದ ನೀರನ್ನು ಸೋಸುವ ಇನ್ನೊಂದು ಹೆಜ್ಜೆಯನ್ನಷ್ಟೇ ನಾವು ಕೇಳುತ್ತಿದ್ದೇವೆ.

ಈ ಸಲಹೆಗೆ ಆಕ್ಷೇಪಗಳು ಬರುವುದು ಸಹಜ. ಸೊಳ್ಳೆಯ ಮಾತನ್ನು ಮೊದಲು ನೋಡೋಣ. ಡೆಂಗೀ ಹರಡುವ ಸೊಳ್ಳೆ ಹೂವಿನ ಕುಂಡದ ತಟ್ಟೆಯಲ್ಲಿ, ಹಳೆಯ ಟಯರಿನಲ್ಲಿ, ಮುಚ್ಚಳವಿಲ್ಲದ ಡ್ರಮ್ಮಿನಲ್ಲಿ ಮೊಟ್ಟೆಯಿಡುತ್ತದೆ. ನಗರದ ಮಲೇರಿಯದ ಸೊಳ್ಳೆಗೆ ಮಾಳಿಗೆಯ ನೀರಿನ ಟಾಂಕಿ ಪ್ರಿಯ. ಮೀನು, ಕಪ್ಪೆ, ಕೊಡತಿಹುಳಗಳಿರುವ, ನೀರು ಮೆಲ್ಲಗೆ ಚಲಿಸುವ ಜೌಗಿನಲ್ಲಿ ಸೊಳ್ಳೆಯ ಮರಿ ಬದುಕಿ ರೆಕ್ಕೆ ಪಡೆಯುವುದು ಸುಲಭವಲ್ಲ. ಆದರೆ ಕಸ ತುಂಬಿ, ಮೀನು ಸತ್ತು, ನೀರು ಕೊಳೆತ ಜೌಗು ಸೊಳ್ಳೆಯ ತವರಾಗುತ್ತದೆಂಬುದೂ ನಿಜ. ಇಲ್ಲಿಗೆ ಎರಡನೆಯ ಆಕ್ಷೇಪ ಬಂದಿತು: ನೋಡಿಕೊಳ್ಳುವವರು ಯಾರು? ಹೂಳುಗುಂಡಿಯನ್ನು ಮಳೆಗಾಲಕ್ಕೆ ಮೊದಲು ಎತ್ತಬೇಕು. ಬಲಿತ ಜೊಂಡನ್ನು ಕೊಯ್ದು ಹೊರಸಾಗಿಸಬೇಕು, ಇಲ್ಲವಾದರೆ ಅದು ಅಲ್ಲಿಯೇ ಕೊಳೆತು ಹೀರಿದ್ದನ್ನೆಲ್ಲ ನೀರಿಗೆ ಮರಳಿಸುತ್ತದೆ. ನವಿ ಮುಂಬಯಿಯ ಕೊಳಗಳಲ್ಲಿ ಹಲವು ಕಡೆ ಹೂಳು ತುಂಬಿ ಕಾಂಡ್ಲಾ ಕಾಡು ಬೆಳೆದಿದೆ. ಕಾಂಡ್ಲಾ ಮರಗಳನ್ನು ಕಾಯುವ ಕಾನೂನು ಕಟ್ಟುನಿಟ್ಟಾದುದರಿಂದ ಈಗ ಹೂಳೆತ್ತುವುದೇ ಒಂದು ವ್ಯಾಜ್ಯವಾಗಿದೆ. ವರ್ಷವರ್ಷದ ಕೆಲಸವನ್ನು ಮುಂದೂಡಿದರೆ ಹೀಗಾಗುತ್ತದೆ. ಕಟ್ಟುವ ದಿನವೇ ಕಾಯುವವನ ಸಂಬಳವನ್ನೂ ಗೊತ್ತುಮಾಡದ ಜೌಗನ್ನು ಕಟ್ಟಕೂಡದು ಎಂಬುದು ನಮ್ಮ ಖಂಡಿತವಾದ ಮಾತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನವಿಲ್ಲ.

ಕಾಂಡ್ಲಾ ಕಾಡಿನ ಮಾತು ಬಂದುದರಿಂದ ಇದನ್ನೂ ಹೇಳಬೇಕು. ಕೊಲ್ಲಿಯ ಅಂಚಿನ ಕಾಂಡ್ಲಾ ಮತ್ತು ಉಪ್ಪುನೀರಿನ ಕೆಸರು ಪ್ರಕೃತಿಯೇ ಕಟ್ಟಿಕೊಟ್ಟ ಜೌಗು. 2018ರಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯವು ಅದರ ನಾಶವನ್ನು ನಿಷೇಧಿಸಿ ತೀರ್ಪಿತ್ತಿತು; ಠಾಣೆ ಕೊಲ್ಲಿಯ ರಾಜಹಂಸಗಳ ಅಭಯಧಾಮವು 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಇದ್ದ ಜೌಗನ್ನು ಹೂಳಿ ಕಟ್ಟಡವೆಬ್ಬಿಸಿ, ಅದರ ಬದಲಿಗೆ ಬೇರೊಂದು ಕಡೆ ಜೌಗು ಕಟ್ಟುತ್ತೇವೆಂದು ಯಾರಾದರೂ ಹೇಳಿದರೆ ಅದು ತಾಯಿಯನ್ನು ಹೊರಗಟ್ಟಿ ದಾದಿಯನ್ನು ತಂದಂತೆ. ಮನುಷ್ಯ ಕಟ್ಟಿದ ಜೌಗಿನ ಸ್ಥಾನ ನಗರದ ಒಳಗೆ, ನಾಲಾದ ಮೇಲ್ಭಾಗದಲ್ಲಿ, ಸಿಹಿನೀರು ಹರಿಯುವಲ್ಲಿ.

ಹಾಗಾದರೆ ಜಾಗವೆಲ್ಲಿ? ಒಂದೊಂದು ಚದರಡಿಗೂ ಚಿನ್ನದ ಬೆಲೆಯಿರುವ ಊರಿನಲ್ಲಿ ಹೆಕ್ಟೇರುಗಟ್ಟಲೆ ನೆಲ ಕೇಳುವುದು ಹುಚ್ಚುತನವೆಂದು ಹಲವರು ಹೇಳಿಯಾರು. ಈ ಪ್ರಶ್ನೆಯಲ್ಲಿಯೇ ದೊಡ್ಡ ಅಪಾಯವೊಂದು ಅಡಗಿದೆ, ಅದರ ಕಡೆಗೆ ನಿಮ್ಮ ಗಮನವನ್ನು ಸೆಳೆಯಬಯಸುತ್ತೇವೆ. ನಾಲಾದ ಅಂಚಿನಲ್ಲಿ ಇಂದು ವಾಸಿಸುತ್ತಿರುವವರು ಬಡವರು. ಬೇರೆಲ್ಲಿಯೂ ಸೂರು ಸಿಗದೆ ಅಲ್ಲಿಗೆ ಬಂದವರು. ಅವರಲ್ಲಿ ನಮ್ಮ ನಾಡಿನಿಂದ ಮಣ್ಣಿನ ಕೆಲಸಕ್ಕೂ ಗಾರೆಯ ಕೆಲಸಕ್ಕೂ ಬಂದವರೂ ಸೇರಿದ್ದಾರೆ. ಜೌಗಿನ ಹೆಸರು ಹೇಳಿ ಅವರ ಗುಡಿಸಲುಗಳನ್ನು ಕೀಳುವುದು ಸುಲಭ. ಅವರಿಗೆ ಮನೆ ಕೊಡುವುದು ಕಷ್ಟ. ಸುಲಭವಾದುದನ್ನು ಮೊದಲು ಮಾಡುವ ಚಾಳಿ ನಗರಗಳಿಗುಂಟು. ಮೇಲಿನ ಬೀದಿಗಳ ಮೋಟಾರುಗಳು ಸುರಿಸಿದ ಎಣ್ಣೆಯನ್ನು ತೊಳೆಯಲು ಕೆಳಗಿನ ಬಡವನ ಒಲೆಯನ್ನು ಆರಿಸುವುದು ನ್ಯಾಯವೇ? ನಾಲಾದ ಅಂಚಿನಿಂದ ಯಾರನ್ನಾದರೂ ಸ್ಥಳಾಂತರಿಸುವುದು ಅವರ ಸುರಕ್ಷತೆಗೇ ಅಗತ್ಯವಾದರೆ, ಮೊದಲು ಹತ್ತಿರದಲ್ಲಿ ಮನೆ, ಆಮೇಲೆ ಜೌಗು ಎಂಬ ಕ್ರಮ ತಪ್ಪಬಾರದು.

ಜಾಗವನ್ನು ಹುಡುಕಬೇಕಾದುದು ಬೇರೆ ಕಡೆಗಳಲ್ಲಿ. ನಗರದ ಉದ್ಯಾನಗಳು ಅನೇಕವು ಬೀದಿಗಿಂತ ಎತ್ತರದಲ್ಲಿವೆ. ಅವುಗಳ ಒಂದು ಮೂಲೆಯನ್ನು ಬೀದಿಗಿಂತ ತಗ್ಗಿಸಿದರೆ ಅದೇ ಜೌಗಾಗುತ್ತದೆ. ದೊಡ್ಡ ದೊಡ್ಡ ಕಛೇರಿಗಳ, ಕಾರ್ಖಾನೆಗಳ, ಕಾಲೇಜುಗಳ ಆವರಣಗಳಿವೆ. ಹೊಸದಾಗಿ ಏಳುವ ಗೋಪುರಗಳ ಸೊಸಾಯಿಟಿಗಳಿವೆ. ತಮ್ಮ ಅಂಗಳದ ನೀರನ್ನು ಸೋಸದೆ ಬೀದಿಗೆ ಬಿಡಕೂಡದೆಂದು ಅವುಗಳಿಗೆ ಕಟ್ಟಳೆ ಮಾಡಬಹುದು. ಮೀಠಿ ನದಿಯ ದಡದಲ್ಲಿಯೇ ಧಾರಾವಿಯ ಹತ್ತಿರ ಇರುವ ಮಹಾರಾಷ್ಟ್ರ ನಿಸರ್ಗ ಉದ್ಯಾನವನ್ನು ನೋಡಿರಿ. 37 ಎಕರೆಗಳ ಆ ಕಾಡು ಒಂದು ಕಾಲದಲ್ಲಿ ನಗರದ ಕಸದ ಗುಡ್ಡೆಯಾಗಿತ್ತು. ಕಸದ ಗುಡ್ಡೆಯನ್ನು ಕಾಡಾಗಿಸಿದ ಊರಿಗೆ ಉದ್ಯಾನದ ಮೂಲೆಯೊಂದನ್ನು ಜೌಗಾಗಿಸುವುದು ಅಸಾಧ್ಯವೆಂದು ನಾವು ಒಪ್ಪಲಾರೆವು.

ಇನ್ನೊಂದು ಅಡ್ಡಿಯನ್ನು ಮುಚ್ಚಿಡಬಾರದು. ಮಳೆನೀರಿನ ನಾಲಾಗಳಲ್ಲಿ ಇಂದು ಮಳೆಯಿಲ್ಲದ ದಿನವೂ ಮನೆಗಳ ಕೊಳೆನೀರು ಹರಿಯುತ್ತಿದೆ. ಮೋರಿಯ ವ್ಯವಸ್ಥೆಯೇ ಇಲ್ಲದ ವಸತಿಗಳಿಗೆ ಅದೊಂದೇ ದಾರಿ. ಕೊಳೆನೀರು ಇಡೀ ವರ್ಷ ನುಗ್ಗಿದರೆ ಮಳೆನೀರಿಗೆಂದು ಕಟ್ಟಿದ ಚಿಕ್ಕ ಜೌಗು ಉಸಿರುಗಟ್ಟಿ ಸಾಯುತ್ತದೆ. ಆದುದರಿಂದ ಎಲ್ಲ ಮನೆಗಳಿಗೂ ಮೋರಿ ಒದಗಿಸುವ ಕೆಲಸವೂ ಜೌಗು ಕಟ್ಟುವ ಕೆಲಸವೂ ಜೊತೆಯಾಗಿ ನಡೆಯಬೇಕು. ಒಂದನ್ನು ಬಿಟ್ಟು ಇನ್ನೊಂದು ಸಾಗದು.

ವಿದ್ಯಾರ್ಥಿ ಮಿತ್ರರೇ, ಇದೆಲ್ಲ ಮಹಾನಗರಪಾಲಿಕೆಯ ಕೆಲಸ, ನಮಗೇಕೆ ಎಂದು ನೀವು ಕೇಳಬಹುದು. ನಾವು ಈ ಊರಿಗೆ ಹೊರಗಿನಿಂದ ಬಂದವರು ಎಂಬ ಭಾವನೆ ಕನ್ನಡಿಗರಾದ ನಮ್ಮಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಉಳಿದಿದೆ. ರಜೆ ಬಂದಾಗ ಊರಿಗೆ ಹೋಗುತ್ತೇವೆ. ಅಲ್ಲಿಯ ತೋಡು, ಹಳ್ಳ, ಕೆರೆ ನಮ್ಮವು. ಇಲ್ಲಿಯ ನಾಲಾ ಯಾರದೋ ಎಂದು ತಿಳಿಯುತ್ತೇವೆ. ಆದರೆ ನಾವು ಉಣ್ಣುವ ಅನ್ನ ಈ ಊರಿನದು, ನಾವು ತುಳಿಯುವ ನೀರು ಈ ಊರಿನದು. ತಗ್ಗಿನ ಚಾಳಿನಲ್ಲಿ ನೀರು ನುಗ್ಗಿದಾಗ ಅದು ಮನೆಯವರ ಮಾತೃಭಾಷೆ ಯಾವುದೆಂದು ಕೇಳಿ ನುಗ್ಗುವುದಿಲ್ಲ. ಕೆರೆ ಕಟ್ಟಿ ಬಾಳಿದ ನಾಡಿನ ಮಕ್ಕಳು ನಾವು. ತೂಬು ಕೋಡಿಗಳ ವಿವೇಕವನ್ನು ಈ ಊರಿಗೆ ಕಾಣಿಕೆಯಾಗಿ ಕೊಡುವ ಹಕ್ಕೂ ಹೊಣೆಯೂ ನಮಗಿದೆ.

ನೀವು ಮಾಡಬಹುದಾದ ಕೆಲಸಗಳೂ ಇವೆ. ಮಳೆಗಾಲದಲ್ಲಿ ನಿಮ್ಮ ಬೀದಿಯಲ್ಲಿ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಗಮನಿಸಿ ನಕ್ಷೆ ಬರೆಯಿರಿ. ತುಂಬಿದ ನೀರಿಗೆ ಮಾತ್ರ ಇಳಿಯಬೇಡಿ, ಮೆಟ್ಟಿಲಿನ ಮೇಲೆ ನಿಂತೇ ನೋಡಿರಿ. ಗಾಜಿನ ಸೀಸೆಯಲ್ಲಿ ಮೊದಲ ದಿನದ ಮಳೆನೀರನ್ನೂ ಹತ್ತನೆಯ ದಿನದ ಮಳೆನೀರನ್ನೂ ದೊಡ್ಡವರ ಸಹಾಯದಿಂದ ಹಿಡಿದಿಟ್ಟು, ತಳದಲ್ಲಿ ಕೂತ ಕೆಸರನ್ನು ಹೋಲಿಸಿರಿ. ಶಾಲೆಯ ಮಾಡಿನಿಂದ ಬೀಳುವ ನೀರು ನೇರವಾಗಿ ಗಟಾರಕ್ಕೆ ಹೋಗುವ ಬದಲು ಅಂಗಳದ ಒಂದು ತಗ್ಗಿನ ಪಾತಿಯಲ್ಲಿ ಇಳಿಯುವಂತೆ ಮಾಡಿ, ಅಲ್ಲಿ ಕಾಬಾಳೆಯನ್ನೂ ಲಾವಂಚವನ್ನೂ ನೆಡಬಹುದು. ನಾಲ್ಕು ಹೆಜ್ಜೆ ಅಗಲದ ಪಾತಿಯಾದರೂ ಸರಿಯೆ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಯನ್ನು ನಾವು ಉಳಿತಾಯದ ಪಾಠದಲ್ಲಿ ಹೇಳಿಕೊಡುತ್ತೇವೆ. ಈ ನಗರದಲ್ಲಿ ಅದು ಅಕ್ಷರಶಃ ಸತ್ಯ. ಒಂದೊಂದು ಅಂಗಳವೂ ತನ್ನ ಹನಿಯನ್ನು ತಡೆದರೆ ಹಳ್ಳದ ಆರ್ಭಟ ಅಷ್ಟು ಕಡಿಮೆಯಾಗುತ್ತದೆ.

ನಾಳೆ ನಿಮ್ಮಲ್ಲಿ ಕೆಲವರು ಇಂಜಿನಿಯರರಾಗುವಿರಿ, ಕೆಲವರು ಪಾಲಿಕೆಯಲ್ಲಿ ಗುಮಾಸ್ತರಾಗುವಿರಿ, ಕೆಲವರು ಸೊಸಾಯಿಟಿಯ ಕಾರ್ಯದರ್ಶಿಗಳಾಗುವಿರಿ. ಎಲ್ಲರೂ ಮತದಾರರಂತೂ ಆಗುವಿರಿ. ನೀರಿನ ಯೋಜನೆಯ ಕಾಗದವೊಂದು ನಿಮ್ಮ ಮುಂದೆ ಬಂದಾಗ ಮೂರು ಮಾತುಗಳನ್ನು ಕೇಳಿರಿ. ಈ ನೀರು ಎಲ್ಲಿಗೆ ಹೋಗುತ್ತದೆ? ಹೋಗುವ ಮೊದಲು ಸೋಸುವವರು ಯಾರು? ಇದರಿಂದ ಯಾರ ಮನೆ ಹೋಗುತ್ತದೆ? ಈ ಮೂರಕ್ಕೂ ನೆಟ್ಟಗೆ ಉತ್ತರ ಕೊಡಲಾರದ ಯೋಜನೆಗೆ ಸಹಿ ಹಾಕಬೇಡಿರಿ.